ಕಾರಿನ ಆಯಿಲ್ ಹಾಕಿ ಬೈಕಿನ ಕ್ಲಚ್ ಜಾರಿದ್ದು

ಚಾರ್ಮಾಡಿ ಘಾಟಿ ಹತ್ತುವಾಗ ಆಕ್ಸಿಲರೇಟರ್ ತಿರುವಿದರೆ ಎಂಜಿನ್ ಬರೀ ಕೂಗುತ್ತಿತ್ತು, ಬೈಕ್ ಎಳೆಯುತ್ತಿರಲಿಲ್ಲ. ಕ್ಲಚ್ ಕೇಬಲ್ ಸಡಿಲಿಸಿದೆ. ಸ್ಪ್ರಿಂಗ್ ಬದಲಿಸಿದೆ. ಹೊಸ ಪ್ಲೇಟುಗಳನ್ನೂ ಹಾಕಿಸಿದೆ, ದುಡ್ಡು ದಂಡ. ಎರಡೇ ವಾರಕ್ಕೆ ಮತ್ತೆ ಅದೇ ಕಥೆ.

ತಪ್ಪು ಇದ್ದದ್ದು ಆಯಿಲಿನಲ್ಲಿ. ಮನೆಯಲ್ಲಿ ಉಳಿದಿದ್ದ ಕಾರಿನ 5ಡಬ್ಲ್ಯೂ-30 ದರ್ಜೆಯ ಆಯಿಲ್ ಸುಮ್ನೆ ಯಾಕೆ ಹಾಳಾಗಬೇಕು ಅಂತ ಹಾಕಿದ್ದೆ. ಡಬ್ಬದ ಹಿಂದೆ ‘ರಿಸೋರ್ಸ್ ಕನ್ಸರ್ವಿಂಗ್’, ಅಂದರೆ ಇಂಧನ ಉಳಿಸುವ ಬಗೆ, ಎಂದಿತ್ತು. ಇಂಥದ್ದರಲ್ಲಿ ಉಜ್ಜಾಟ ತಗ್ಗಿಸುವ ಫ್ರಿಕ್ಷನ್ ಮಾಡಿಫೈಯರ್ ಸೇರಿಸಿರುತ್ತಾರೆ. ಕಾರಿಗೆ ಅದು ಒಳ್ಳೆಯದೇ. ನನ್ನ ಬೈಕಿನ ಕ್ಲಚ್ ಮಾತ್ರ ಎಂಜಿನ್ ಆಯಿಲಿನಲ್ಲೇ ನೆನೆದಿರುತ್ತದೆ. ಅದಕ್ಕೆ ಬೇಕಾದದ್ದು ಹಿಡಿತ, ಅಲ್ವಾ?

ಎಂಜಿನ್ ಐದು ನಿಮಿಷ ಓಡಿಸಿ, ಬೈಕನ್ನು ನೆಟ್ಟಗೆ ನಿಲ್ಲಿಸಿ, ಬೆಚ್ಚಗಿದ್ದಾಗಲೇ ಆಯಿಲ್ ಇಳಿಸಿದೆ. ಫಿಲ್ಟರ್, ಡ್ರೇನ್ ಬೋಲ್ಟಿನ ವಾಷರ್ ಎರಡೂ ಹೊಸದು. ಬೈಕಿನ ಪುಸ್ತಕದಲ್ಲಿ ಹೇಳಿದ 10ಡಬ್ಲ್ಯೂ-30, ಜಾಸೋ ಎಂಎ2 (ಆಯಿಲಿನಲ್ಲಿ ನೆನೆಯುವ ಕ್ಲಚ್ಚಿಗೆ ಹೊಂದುತ್ತದೆ ಎನ್ನುವ ಜಪಾನಿ ಮಾನದಂಡ) ಗುರುತು ಇರುವುದನ್ನೇ ತುಂಬಿದೆ. 200 ಕಿ.ಮೀ. ಓಡಿಸಿ ಅದನ್ನೂ ಇಳಿಸಿ, ಮತ್ತೆ ಅದೇ ಆಯಿಲ್ ಹಾಕಿದೆ. ಈ ಎರಡನೇ ಸಲದ್ದನ್ನು ಬಿಡಬೇಡಿ. ಮೊದಲ ಸಲ ಇಳಿಸಿದಾಗ ಹಳೆಯದು ಪ್ಲೇಟುಗಳ ಸಂದಿಯಲ್ಲಿ ಅಂಟಿಕೊಂಡೇ ಇರುತ್ತದೆ. ಕೊನೆಗೆ ಕ್ಲಚ್ ಲಿವರ್ ತುದಿಯಲ್ಲಿ 10-15 ಮಿ.ಮೀ. ಸಡಿಲ ಆಟ ಇಟ್ಟೆ. ಈಗ ಅದೇ ಏರಿನಲ್ಲಿ ಜಾರುತ್ತಿಲ್ಲ.

ಅಂಗಡಿಯಲ್ಲಿ ಜಾಸೋ ಎಂಬಿ ಕೊಟ್ಟರೆ ವಾಪಸ್ ಮಾಡಿ. ಅದು ಗೇರಿಲ್ಲದ ಸ್ಕೂಟರಿಗೆ.