ಕೋಳಿಯ ಝಡ್ ಕ್ರೋಮೋಸೋಮಿನಲ್ಲಿ ಒಂದು ಜೀನಿನ ಚಕ್ಕುಬಂದಿ

ಕೊಡಗಿನ ನಾಪೋಕ್ಲು ಕಡೆಯ ನಮ್ಮ ಮನೆಯಲ್ಲಿ ಮಳೆಗೆ ಕರೆಂಟ್ ಹೋಗಿ ಎರಡು ದಿನವಾಗಿತ್ತು. ಅಮ್ಮ ಬುಟ್ಟಿಯಲ್ಲಿದ್ದ ಕೋಳಿಮರಿಗಳನ್ನು ತೋರಿಸಿ, "ಇಷ್ಟು ಓದಿದ್ದೀಯಲ್ಲ, ಇದರಲ್ಲಿ ಹೇಂಟೆ ಎಷ್ಟು ಹೇಳು" ಅಂದಳು. ಅದು ನನಗೆ ಬರುವುದಿಲ್ಲ. ಆದರೆ ಹುಂಜವನ್ನು ಹುಂಜ ಮಾಡುವ ಜೀನ್ ಎಲ್ಲಿದೆ, ಎಲ್ಲಿಂದ ಬಂತು ಅಂತ ಹುಡುಕುವ ದಾರಿ ಗೊತ್ತು. ಲ್ಯಾಬ್ ಬೇಡ, ಲ್ಯಾಪ್‌ಟಾಪ್ ಸಾಕು.

ಗಂಡು ಹೆಣ್ಣು ಮಾಡುವ ಲಿಂಗ ಕ್ರೋಮೋಸೋಮುಗಳಲ್ಲಿ ಕೋಳಿಯ ಲೆಕ್ಕ ನಮ್ಮದಕ್ಕೆ ಉಲ್ಟಾ. ಹುಂಜಕ್ಕೆ ಎರಡು ಝಡ್, ಹೇಂಟೆಗೆ ಒಂದು ಝಡ್, ಒಂದು ಡಬ್ಲ್ಯು. ಝಡ್ ಮೇಲಿರುವ ಆ ಜೀನಿನ ಹೆಸರು ಡಿಎಂಆರ್‌ಟಿ1. ಗಂಡು ಭ್ರೂಣದಲ್ಲಿ ಇದರ ಕೆಲಸ ತಗ್ಗಿಸಿದರೆ ವೃಷಣ ಅಂಡಾಶಯದ ಕಡೆ ತಿರುಗುತ್ತದೆ ಅಂತ 2009ರಲ್ಲಿ ತೋರಿಸಿದ್ದಾರೆ.

ಜೀನ್, ಪ್ರೋಟೀನ್ ಮಾಹಿತಿ ಪುಕ್ಕಟೆ ಸಿಗುವ ಎನ್‌ಸಿಬಿಐ ತಾಣದಿಂದ ಮನುಷ್ಯನ ಡಿಎಂಆರ್‌ಟಿ1 ಪ್ರೋಟೀನ್ ಸರಣಿ (ಅದರ ಅಮೈನೋ ಆಮ್ಲಗಳ ಸಾಲು) ತೆಗೆದುಕೊಳ್ಳಿ. ಡಿಎನ್‌ಎ ಬೇಡ. ನಾವು, ಕೋಳಿಗಳು ಬೇರೆಯಾಗಿ 30 ಕೋಟಿ ವರ್ಷ ದಾಟಿದೆ. ಡಿಎನ್‌ಎ ಅಕ್ಷರಗಳು ಜಾಸ್ತಿ ಬದಲಾಗಿರುತ್ತವೆ, ಪ್ರೋಟೀನ್ ಅಷ್ಟಿಲ್ಲ. ಅದನ್ನು ಟಿಬ್ಲಾಸ್ಟ್‌ಎನ್‌ಗೆ (ಪ್ರೋಟೀನ್ ಕೊಟ್ಟರೆ ಅದಕ್ಕೆ ಹೋಲುವ ಡಿಎನ್‌ಎ ಹುಡುಕುವ ತಂತ್ರಾಂಶ) ಹಾಕಿ ಕೋಳಿ ಜೀನೋಮಿನಲ್ಲಿ, ಅಂದರೆ ಅದರ ಪೂರ್ತಿ ಡಿಎನ್‌ಎಯಲ್ಲಿ, ಹುಡುಕಿಸಿ. ಹೇಂಟೆಯ ಜೀನೋಮನ್ನೇ ಆರಿಸಿ. ಹುಂಜದ್ದಾದರೆ ಡಬ್ಲ್ಯು ಇರುವುದೇ ಇಲ್ಲ. ಆಮೇಲೆ "ಡಬ್ಲ್ಯುನಲ್ಲಿ ಈ ಜೀನ್ ಸಿಗಲಿಲ್ಲ" ಅಂತ ಬರೆದು ನಗೆಪಾಟಲಾಗುತ್ತೀರಿ. 2004ರ ಮೊದಲ ಕೋಳಿ ಜೀನೋಮ್ ಒಂದು ಕೆಂಪು ಕಾಡುಕೋಳಿ ಹೇಂಟೆಯದು. (ನಮ್ಮ ತೋಟದಲ್ಲಿ ಕೂಗುವುದು ಬೂದು ಕಾಡುಕೋಳಿ, ಅದು ಬೇರೆ.)

ನಾನು ಎಡವಿದ್ದು ಇಲ್ಲಿ. ಡಿಎಂ ಎಂಬ ತುಣುಕು ಡಿಎಂಆರ್‌ಟಿ ಕುಟುಂಬದ ಹೆಚ್ಚಿನ ಜೀನುಗಳಲ್ಲೂ ಇದೆ. ಹಾಗಾಗಿ ಪಟ್ಟಿಯಲ್ಲಿ ದಾಯಾದಿಗಳೂ ಬರುತ್ತಾರೆ. ಡಿಎಂಆರ್‌ಟಿ3 ಎಂಬ ದಾಯಾದಿಯನ್ನು ಹಿಡಿದುಕೊಂಡು ಅರ್ಧ ದಿನ ಸುಮ್ನೆ ಖುಷಿಪಟ್ಟೆ. ಸಿಕ್ಕ ಕೋಳಿ ಪ್ರೋಟೀನನ್ನು ವಾಪಸ್ ಮನುಷ್ಯನ ಪ್ರೋಟೀನುಗಳಲ್ಲಿ ಹುಡುಕಿಸಿ. ಎಲ್ಲಕ್ಕಿಂತ ಮೇಲೆ ಡಿಎಂಆರ್‌ಟಿ1 ಬಂದರೆ ಮಾತ್ರ ನಂಬಿ.

ಆಮೇಲೆ ಚಕ್ಕುಬಂದಿ. ತೋಟದ ಪತ್ರದಲ್ಲಿ ಪೂರ್ವಕ್ಕೆ ಯಾರ ಜಾಗ, ಪಶ್ಚಿಮಕ್ಕೆ ಯಾರದ್ದು ಅಂತ ಬರೆಸುತ್ತೇವಲ್ಲ, ಹಾಗೆ. ಜೀನೋಮ್ ಬ್ರೌಸರ್ (ಜೀನುಗಳನ್ನು ನಕ್ಷೆಯಂತೆ ತೋರಿಸುವ ತಾಣ) ತೆರೆದು ಅಕ್ಕಪಕ್ಕದ ಜೀನುಗಳನ್ನು ಕಾಗದದಲ್ಲಿ ಬರೆದುಕೊಳ್ಳಿ. ಮನುಷ್ಯನ 9ನೇ ಕ್ರೋಮೋಸೋಮಿನ ತುದಿಯಲ್ಲಿ ಡಿಎಂಆರ್‌ಟಿ1, 3, 2 ಒಂದರ ಪಕ್ಕ ಒಂದು ಇವೆ. ಕೋಳಿಯ ಝಡ್‌ನಲ್ಲೂ ಇದೇ ಮೂವರು ನೆರೆಹೊರೆ. ಅಂದರೆ ಜೀನ್ ಒಂದೇ ಎಲ್ಲಿಂದಲೋ ಹಾರಿ ಬಂದಿಲ್ಲ, ಇಡೀ ಜಮೀನೇ ಒಂದೇ. ನಮ್ಮಲ್ಲಿ ಅದು ಮಾಮೂಲಿ ಕ್ರೋಮೋಸೋಮ್ (ಲಿಂಗ ಕ್ರೋಮೋಸೋಮ್ ಅಲ್ಲದ್ದು), ಅಲ್ಲಿ ಝಡ್. ಆದರೂ ನಮ್ಮಲ್ಲಿ ಆ ತುದಿ ಕಳೆದುಹೋದರೆ ಎಕ್ಸ್‌ವೈ ಮಗುವಿನ ವೃಷಣ ಸರಿಯಾಗಿ ಬೆಳೆಯದಿರಬಹುದು. ಕೆಲಸ ಹಳೆಯದೇ, ಅಲ್ವಾ?

ಹಾಗಾದರೆ ಈ ಜಮೀನು ಮೊದಲು ಮಾಮೂಲಿಯಾಗಿತ್ತೋ, ಝಡ್ ಆಗಿತ್ತೋ? ಅದಕ್ಕೆ ಮೊಸಳೆಯನ್ನೂ ಸೇರಿಸಿ ನೋಡಿ. ಹಕ್ಕಿಗಳ ಹತ್ತಿರದ ನೆಂಟ ಅದು. ಅದಕ್ಕೆ ಲಿಂಗ ಕ್ರೋಮೋಸೋಮೇ ಇಲ್ಲ, ಮೊಟ್ಟೆಗೆ ತಾಗುವ ಶಾಖವೇ ಗಂಡು ಹೆಣ್ಣು ಮಾಡುತ್ತದೆ. ಜೀನ್ ಮಾತ್ರ ಅಲ್ಲೂ ಇದೆ. ಹಾಗಾಗಿ ಝಡ್ ಪಟ್ಟ ಸಿಕ್ಕಿದ್ದು ಆಮೇಲೆ.

ಅಮ್ಮನ ಪ್ರಶ್ನೆಗೆ ಈ ಜೀನ್ ಆಗುವುದಿಲ್ಲ, ಹುಂಜದಲ್ಲಿ ಎರಡು ಪ್ರತಿ, ಹೇಂಟೆಯಲ್ಲಿ ಒಂದು, ಎರಡರಲ್ಲೂ ಇದೆ. ಝಡ್‌ನಲ್ಲಿರುವ, ಡಬ್ಲ್ಯುನಲ್ಲೂ ಜೋಡಿ ಇರುವ ಸಿಎಚ್‌ಡಿ1 ಎಂಬ ಜೀನ್ ಬೇಕು. ಪಿಸಿಆರ್ (ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಲ್ಯಾಬ್ ಪರೀಕ್ಷೆ) ಮಾಡಿದರೆ ಹೇಂಟೆಗೆ ಎರಡು ಗೆರೆ, ಹುಂಜಕ್ಕೆ ಒಂದು. "ಕಕ್ಕಡ ತಿಂಗಳು ಮುಗಿಯುವಷ್ಟರಲ್ಲಿ ಹುಂಜದ ಜುಟ್ಟು ಕೆಂಪಾಗುತ್ತೆ ಬಿಡು" ಅಂತ ಅಮ್ಮ ಬುಟ್ಟಿ ಮುಚ್ಚಿದಳು.