ಕ್ಯಾಮೆರಾ ಆಮೇಲೆ, ಮೊದಲು ಫ್ರಿಜ್ ಆಫ್ ಮಾಡಿ

ಹೊಸಬರ ಕಿರುಚಿತ್ರ ನೋಡುವಾಗ ಎರಡನೇ ನಿಮಿಷಕ್ಕೇ ನನ್ನ ಕೈ ವಾಲ್ಯೂಮ್ ಬಟನ್ನಿಗೆ ಹೋಗುತ್ತದೆ. ಚಿತ್ರವೇನೋ ಚೆನ್ನಾಗಿರುತ್ತದೆ, ಈಗಿನ ಫೋನುಗಳು ಅಷ್ಟನ್ನು ಮಾಡಿಕೊಡುತ್ತವೆ. ನಾಯಕಿ ಏನಂದಳು ಎಂಬುದು ಮಾತ್ರ ಕೇಳಿಸಿರುವುದಿಲ್ಲ. ಬಾಡಿಗೆ ಕ್ಯಾಮೆರಾಕ್ಕೆ ದುಡ್ಡು ಸುರಿದವರೇ ‘ಆಡಿಯೋ ಆಮೇಲೆ ಡಬ್ ಮಾಡಿದರಾಯ್ತು ಬಿಡಿ’ ಅಂದಿರುತ್ತಾರೆ. ಡಬ್ಬಿಂಗ್ ಪಳಗಿದವರ ಕೆಲಸ. ನೀವು ಮಾಡಿದರೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಫೋನಿನಲ್ಲೇ ಮೊದಲ ಕಿರುಚಿತ್ರ ತೆಗೆಯಹೊರಟಿದ್ದರೆ ಇಷ್ಟು ಮಾಡಿ.

ಕತೆ: ಒಂದು ಮನೆ, ಇಬ್ಬರು, ಒಂದು ಮಧ್ಯಾಹ್ನ. ಇಷ್ಟರಲ್ಲಿ ಮುಗಿಯುವಂಥದ್ದು ಬರೆಯಿರಿ. ಸ್ಕ್ರಿಪ್ಟಿನ ಒಂದು ಪುಟ ಪರದೆಯ ಮೇಲೆ ಹೆಚ್ಚುಕಡಿಮೆ ಒಂದು ನಿಮಿಷ. ಆಸ್ಕರ್ ಲೆಕ್ಕದಲ್ಲಿ 40 ನಿಮಿಷದ್ದೂ ಕಿರುಚಿತ್ರವೇ ಇರಬಹುದು, ನೀವು ಎಂಟು ದಾಟಬೇಡಿ. ಡ್ರೋನ್ ಶಾಟ್, ಕನಸಿನ ಸೀನ್ ಬೇಡವೇ ಬೇಡ.

ಜಾಗ: ಬೆಳಕು ನೋಡಲು ಎಲ್ಲರೂ ಮುಂಚೆ ಹೋಗಿಬರುತ್ತಾರೆ, ಕೇಳಲು ಯಾರೂ ಹೋಗುವುದಿಲ್ಲ. ಶೂಟಿಂಗ್ ಇಟ್ಟುಕೊಂಡ ಹೊತ್ತಿಗೇ ಹೋಗಿ, ಕಣ್ಣು ಮುಚ್ಚಿ ಐದು ನಿಮಿಷ ನಿಲ್ಲಿ. ಬೆಂಗಳೂರಾದರೆ ಪಕ್ಕದ ಸೈಟಿನಲ್ಲಿ ಟೈಲ್ಸ್ ಕೊಯ್ಯುತ್ತಿರುತ್ತಾರೆ, ಮಲೆನಾಡಾದರೆ ಜೀರುಂಡೆ. ಮಳೆಗಾಲದಲ್ಲಿ ತಗಡಿನ ಶೀಟಿನ ಮನೆ ಹಿಡಿದವರಿಗೆ ನಾನೇನೂ ಹೇಳಲಾರೆ.

ಫೋನ್: ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್. ನಮ್ಮ ಕರೆಂಟು 50 ಹರ್ಟ್ಸ್, ಶಟರ್ ಅದಕ್ಕೆ ಹೊಂದದಿದ್ದರೆ ಟ್ಯೂಬ್‌ಲೈಟ್ ಮಿಣಮಿಣ ಎನ್ನುತ್ತದೆ. ಫೋಕಸ್, ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ) ಲಾಕ್ ಮಾಡಿ, ಏರೋಪ್ಲೇನ್ ಮೋಡ್ ಹಾಕಿ. ಮುಗಿಯಿತು.

ಈಗ ಶಬ್ದ. ಇಲ್ಲಿ ಅವಸರ ಬೇಡ.

ಕ್ಯಾಮೆರಾದ ನೆತ್ತಿಗೆ ಸಿಕ್ಕಿಸುವ ಅಗ್ಗದ ‘ಪ್ರೊಫೆಷನಲ್’ ಮೈಕ್ ಕೊಳ್ಳಬೇಡಿ. ಕ್ಯಾಮೆರಾ ಎಷ್ಟು ದೂರವೋ ಮೈಕೂ ಅಷ್ಟೇ ದೂರ, ಹಾಗಾಗಿ ಅದು ಮಾತಿನ ಜತೆ ಗೋಡೆಯ ಪ್ರತಿಧ್ವನಿಯನ್ನೂ ಹಿಡಿದುಕೊಂಡು ಬರುತ್ತದೆ. ವೈರಿನ ಕಾಲರ್ ಮೈಕ್ ತಂದು, ಇನ್ನೊಂದು ಫೋನಿಗೆ ಚುಚ್ಚಿ, ಆ ಫೋನನ್ನು ನಟರ ಜೇಬಿನಲ್ಲಿಡಿ. ರೆಕಾರ್ಡ್ ಒತ್ತಿ ಮೈಕನ್ನು ಉಗುರಿನಿಂದ ಕೆರೆದು, ತಿರುಗಿ ಹಾಕಿ ಕೇಳಿ. ಕರಕರ ಜೋರಾಗಿ ಕೇಳಿಸದಿದ್ದರೆ ಫೋನು ತನ್ನದೇ ಮೈಕಿನಲ್ಲಿ ರೆಕಾರ್ಡ್ ಮಾಡುತ್ತಿದೆ ಎಂದರ್ಥ. ಇದನ್ನು ಸಂಜೆ ಪ್ಯಾಕಪ್ ಆದ ಮೇಲೆ ಕಂಡುಕೊಂಡವರನ್ನು ನೋಡಿದ್ದೇನೆ.

ಮೈಕ್ ಬಾಯಿಂದ ಒಂದು ಗೇಣು ಕೆಳಗಿರಲಿ. ಷರ್ಟಾದರೆ ಗುಂಡಿಪಟ್ಟಿಯ ಒಳಗೆ, ಮೆಡಿಕಲ್ ಅಂಗಡಿಯ ಪೇಪರ್ ಟೇಪಿನಿಂದ ಅಂಟಿಸಿ. ರೇಷ್ಮೆ ಸೀರೆ ಬೇಡ, ಉಸಿರೆಳೆದರೂ ಸರಸರ ಎನ್ನುತ್ತದೆ, ಕಾಟನ್ ಉಡಿಸಿ. ಕರಿಮಣಿ ಸರ ಮೈಕಿಗೆ ತಾಗದಂತೆ ಪಕ್ಕಕ್ಕೆ ಸರಿಸಿ, ಅದನ್ನೂ ಟೇಪಿನಲ್ಲಿ ಕೂರಿಸಿ. ಗಾಜಿನ ಬಳೆ ತೆಗೆಸಿದರೆ ಪಾತ್ರ ಕೆಡುತ್ತದೆಯೇ? ಕೈಗೆ ಒಂದೊಂದೇ ಬಳೆ ಸಾಕು.

ಲೆವೆಲ್ ನೋಡಲು ‘ಹಲೋ ಹಲೋ’ ಅನ್ನಿಸಬೇಡಿ. ಸೀನಿನಲ್ಲಿ ಅತಿ ಜೋರಾಗಿ ಕಿರುಚುವ ಮಾತನ್ನೇ ಹೇಳಿಸಿ, ರೆಕಾರ್ಡಿಂಗಿನ ಮೀಟರ್ ಮೈನಸ್ 12 ಡೆಸಿಬೆಲ್‌ನ ಆಸುಪಾಸು ನಿಲ್ಲಲಿ. ಒಡೆದ ದನಿಯನ್ನು ಯಾವ ಆ್ಯಪೂ ಕೂಡಿಸದು. ಗದ್ದಲ ತೆಗೆಯುತ್ತೇವೆ ಎನ್ನುವ ಆ್ಯಪುಗಳನ್ನು ಹೆಚ್ಚು ಬಳಸಿದರಂತೂ ಚೊಂಬಿನೊಳಗೆ ಕೂತು ಮಾತಾಡಿದಂತಿರುತ್ತದೆ. ಫ್ಯಾನ್, ಫ್ರಿಜ್ ಆಫ್ ಮಾಡಿ, ಫ್ರೇಮಿನಾಚೆ ರಗ್ಗು, ಹಾಸಿಗೆ ಹರಡಿ. ಪ್ರತಿ ಶಾಟಿಗೂ ಎಲ್ಲ ಫೋನುಗಳಲ್ಲಿ ರೆಕಾರ್ಡ್ ಒತ್ತಿದ ಮೇಲೆ ಕ್ಯಾಮೆರಾದ ಎದುರು ಒಂದು ಚಪ್ಪಾಳೆ ಹೊಡೆಯಿರಿ, ಎಡಿಟಿಂಗಿನಲ್ಲಿ ಚಿತ್ರಕ್ಕೂ ಶಬ್ದಕ್ಕೂ ಅದೇ ಗಂಟು.

ಹೊರಡುವ ಮುಂಚೆ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಿ ಒಂದು ನಿಮಿಷ ಖಾಲಿ ಕೋಣೆಯ ಶಬ್ದ ಹಿಡಿಯಿರಿ. ಮಾತು ಕತ್ತರಿಸಿದ ಕಡೆಗಳಿಗೆ ಅದೇ ತೇಪೆ. ನಲವತ್ತನೇ ಸೆಕೆಂಡಿಗೆ ಯಾರಿಗೋ ಕೆಮ್ಮು ಬಂದೇ ಬರುತ್ತದೆ. ಮತ್ತೆ ಮೊದಲಿನಿಂದ ತೆಗೆಯಿರಿ.

ಪ್ರತಿ ಶಾಟ್ ಮುಗಿದ ಮೇಲೆ ಜೇಬಿನ ಫೋನಿನ ರೆಕಾರ್ಡಿಂಗನ್ನು ಹೆಡ್‌ಫೋನ್ ಹಾಕಿ ಕೇಳಲು ಒಬ್ಬರು ಬೇಕೇ ಬೇಕು. ಜನ ಸಾಲದು ಎನ್ನಬೇಡಿ. 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಸಿನಿಮಾ ವಿದ್ಯಾರ್ಥಿಗಳ ಚಿತ್ರಗಳಿಗಿರುವ ‘ಲಾ ಸಿನೆಫ್’ ವಿಭಾಗದಲ್ಲಿ ಮೊದಲ ಬಹುಮಾನ ಪಡೆದ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ 16 ನಿಮಿಷದ್ದು. ಅದನ್ನು ಮಾಡಿದ ಮುಖ್ಯ ತಂಡ ನಾಲ್ಕೇ ಜನರದ್ದು, ಅದರಲ್ಲಿ ಒಬ್ಬರು ಶಬ್ದಕ್ಕೆ.

ನಿರ್ದೇಶನ: ಮಾತಾಡುವ ಇಬ್ಬರ ನಡುವೆ ಹಗ್ಗ ಕಟ್ಟಿದೆ ಎಂದುಕೊಳ್ಳಿ, ಕ್ಯಾಮೆರಾ ಅದನ್ನು ದಾಟದಿರಲಿ. ಮಾತು ಮುಗಿದ ತಕ್ಷಣ ‘ಕಟ್’ ಎನ್ನದೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಒಳ್ಳೆಯ ಮುಖಭಾವ ಎಷ್ಟೋ ಸಲ ಮೂರಕ್ಕೆ ಬರುತ್ತದೆ.

ಎಡಿಟಿಂಗಿಗೆ ಡವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಧಾರಾಳ ಸಾಕು. ಸಿನಿಮಾ ಹಾಡು ತುರುಕಬೇಡಿ, ಯೂಟ್ಯೂಬಿನಲ್ಲಿ ಹಕ್ಕುಸ್ವಾಮ್ಯದ ನೋಟಿಸು ಬರುತ್ತದೆ.

ಇನ್ನೊಂದು. ಫ್ರಿಜ್ ಆಫ್ ಮಾಡಿದಾಗ ಬೈಕಿನ ಕೀ ಅದರೊಳಗೇ ಇಡಿ. ಆನ್ ಮಾಡುವುದು ಮರೆತರೂ ಕೀ ಹುಡುಕುತ್ತಾ ಅಲ್ಲಿಗೇ ಬರಬೇಕಾಗುತ್ತದೆ. ನನ್ನ ಮೊದಲ ಶೂಟಿಂಗಿನಲ್ಲಿ ಕೀ ಜೇಬಿನಲ್ಲಿತ್ತು. ಮಾರನೆಯ ಬೆಳಿಗ್ಗೆ ಚಿಕ್ಕಮ್ಮ ಫೋನ್ ಮಾಡಿದರು, ದೋಸೆ ಹಿಟ್ಟು ಉಕ್ಕಿ ಕೆಳಗಿನ ತರಕಾರಿ ಟ್ರೇಗೆ ಇಳಿದಿತ್ತಂತೆ.