ಮಳೆಗಾಲಕ್ಕೆ ಮನೆಯೊಳಗಿನ ಮೆಣಸು: ನಾನು ತಳಿ ಆರಿಸಿದ ಬಗೆ

ಜೂನ್ ಬಂತೆಂದರೆ ನಮ್ಮ ಅಂಗಳದ ಮೆಣಸಿನ ಗಿಡಗಳ ಆಯುಸ್ಸು ಮುಗಿದಂತೆ. ಮೊದಲ ವಾರದ ಮಳೆಗೆ ಹೂ ಉದುರುತ್ತದೆ, ಎರಡನೇ ವಾರಕ್ಕೆ ಕಾಯಿಯ ಮೇಲೆ ಕಪ್ಪು ಚುಕ್ಕೆ, ಆಮೇಲೆ ಬುಡ ಕೊಳೆತು ಗಿಡ ವಾಲಿಕೊಳ್ಳುತ್ತದೆ. ಮಡಿಕೇರಿಯ ಸುತ್ತಮುತ್ತ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ನಾಲಿಗೆಗೆ ಖಾರ ಬೇಕೆನಿಸುವುದೂ ಅದೇ ದಿನಗಳಲ್ಲಿ. ಕಣಿಲೆ, ಅಂದರೆ ಎಳೆಬಿದಿರು ಬರುವುದು ಆಗ, ಅಣಬೆ ಏಳುವುದು ಆಗ, ಗದ್ದೆಯ ಏಡಿ ಸಿಗುವುದು ಆಗ. ಶುಕ್ರವಾರದ ಸಂತೆಯಿಂದ ತಂದ ಹಸಿಮೆಣಸು ಮೂರು ದಿನಕ್ಕೆ ತೊಟ್ಟಿನ ಹತ್ತಿರ ಬೂಸ್ಟು ಹಿಡಿಯುತ್ತದೆ. ಹಾಗಾಗಿ ಎರಡು ವರ್ಷದ ಹಿಂದೆ ಮನೆಯೊಳಗೇ ಬೆಳೆಯುತ್ತೇನೆ ಎಂದು ಹೊರಟೆ. ಆ ಮೊದಲ ವರ್ಷ ಯಾವ ತಳಿ ಹಾಕಿದೆ, ಯಾವುದು ಒಗ್ಗಿತು, ಯಾವುದು ಒಗ್ಗಲಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೋಣೆಯ ವಿಷಯ. ಊಟದ ಮನೆಯ ಪಕ್ಕ ನಾಲ್ಕಡಿ ಅಗಲದ ಒಂದು ಕಬ್ಬಿಣದ ಸ್ಟ್ಯಾಂಡ್ ಇತ್ತು. ಅದರ ಎರಡು ತಟ್ಟಿನ ನಡುವೆ ಎರಡಡಿ ಜಾಗ. ಮೇಲಿನ ತಟ್ಟಿನ ಕೆಳಗೆ 20 ವ್ಯಾಟಿನ ಎರಡು ಎಲ್‌ಇಡಿ ಟ್ಯೂಬ್ ಕಟ್ಟಿಸಿದೆ. ಗಿಡ ಬೆಳೆಸಲೆಂದೇ ಮಾರುವ ನೇರಳೆ ಬಣ್ಣದ ದೀಪವಲ್ಲ, 6500 ಕೆಲ್ವಿನ್ ಎಂದು ಡಬ್ಬಿಯ ಮೇಲೆ ಬರೆದಿರುವ ಮಾಮೂಲಿ ಬಿಳಿ ಟ್ಯೂಬ್. ಒಂದು ಟೈಮರ್ ಹಾಕಿ ದಿನಕ್ಕೆ 14 ಗಂಟೆ ಉರಿಸಿದೆ. ಕಿಟಕಿಯ ಬೆಳಕೇ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಜುಲೈ ತಿಂಗಳಲ್ಲಿ ನಮ್ಮ ಕಿಟಕಿಯಾಚೆ ಮಂಜು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆ ಬೆಳಕಿಗೆ ಮೆಣಸಿನ ಸಸಿ ದಾರದಂತೆ ಉದ್ದವಾಗಿ ಎಳೆದುಕೊಂಡು ಬೀಳುತ್ತದೆ.

ತಳಿ ಆರಿಸುವಾಗ ನಾನು ಮಾಡಿದ ತಪ್ಪು ಬಹುಶಃ ಎಲ್ಲರೂ ಮಾಡುವಂಥದ್ದು. ಖಾರದ ಅಂಕೆ ನೋಡಿ ಆರಿಸಿದೆ. ವಿಲ್ಬರ್ ಸ್ಕೋವಿಲ್ ಎಂಬ ಔಷಧ ತಜ್ಞ 1912ರಲ್ಲಿ ಖಾರ ಅಳೆಯುವ ವಿಧಾನವೊಂದನ್ನು ಕಂಡುಹಿಡಿದರು. ಇವತ್ತಿಗೂ ಖಾರಕ್ಕೆ ಅವರ ಹೆಸರಿನ ಮಾನವೇ. ಈಶಾನ್ಯದ ಭೂತ್ ಜೊಲೋಕಿಯಾ 2007ರಲ್ಲಿ ಹತ್ತು ಲಕ್ಷ ಸ್ಕೋವಿಲ್ ದಾಟಿ ಗಿನ್ನೆಸ್ ದಾಖಲೆ ಸೇರಿತು. ಆಮೇಲೆ 2013ರಲ್ಲಿ ಕ್ಯಾರೊಲಿನಾ ರೀಪರ್, 2023ರಲ್ಲಿ ಸುಮಾರು 27 ಲಕ್ಷದ ಪೆಪ್ಪರ್ ಎಕ್ಸ್. ಇದನ್ನೆಲ್ಲ ಓದಿ ತಲೆಗೆ ಹತ್ತಿಸಿಕೊಂಡಿದ್ದೆ. ಆ ಗಿಡಕ್ಕೆ ಎಷ್ಟು ದಿನ ಬೇಕು, ಎಷ್ಟೆತ್ತರ ಬೆಳೆಯುತ್ತದೆ, ರಾತ್ರಿ ಎಷ್ಟು ಬಿಸಿ ಕೇಳುತ್ತದೆ ಎಂದು ಒಂದು ಸಲವೂ ನೋಡಲಿಲ್ಲ. ಈಗ ಯಾರಾದರೂ ನನ್ನನ್ನು ಕೇಳಿದರೆ ಈ ಮೂರನ್ನೇ ಮೊದಲು ಕೇಳುತ್ತೇನೆ. ಖಾರದ ಪ್ರಶ್ನೆ ನಾಲ್ಕನೆಯದು.

ಕೊನೆಗೆ ಐದು ಬಗೆ ಹಾಕಿದೆ: ಭೂತ್ ಜೊಲೋಕಿಯಾ, ನಮ್ಮದೇ ಪರಂಗಿ ಮೆಣಸು, ಅಡುಗೆಮನೆಯ ಡಬ್ಬಿಯಲ್ಲಿದ್ದ ಬ್ಯಾಡಗಿಯ ಬೀಜ, ಜ್ವಾಲಾ, ಮತ್ತೆ ನರ್ಸರಿಯಲ್ಲಿ ಅಲಂಕಾರಕ್ಕೆಂದು ಮಾರುವ, ಕಾಯಿ ಮೇಲ್ಮುಖವಾಗಿ ನಿಲ್ಲುವ ಕುಂಡದ ಮೆಣಸು. ಈ ಕೊನೆಯದನ್ನು ನಾನಾಗಿ ಆರಿಸಿದ್ದಲ್ಲ. ಪಕ್ಕದ ಮನೆಯ ಅಕ್ಕ ನಾಲ್ಕು ಹಣ್ಣು ತಂದುಕೊಟ್ಟು, “ಚೆಂದ ಕಾಣ್ತದೆ, ಹಾಕಿ ನೋಡು” ಅಂದಿದ್ದರು.

ಜೂನ್ 10ಕ್ಕೆ ಬೀಜ ಹಾಕಿದೆ. ತೆಂಗಿನ ನಾರಿನ ಪುಡಿ ಎರಡು ಪಾಲು, ಎರೆಗೊಬ್ಬರ ಒಂದು ಪಾಲು, ಬೀಜದ ಆಳ ಕಾಲಿಂಚು. ಎರಡು ವಾರ ಕಾದರೂ ಒಂದೂ ಮೊಳೆಯಲಿಲ್ಲ. ಥರ್ಮಾಮೀಟರ್ ಇಟ್ಟು ನೋಡಿದರೆ ಕೋಣೆಯಲ್ಲಿ 20 ಡಿಗ್ರಿ. ಮೆಣಸಿನ ಬೀಜಕ್ಕೆ 25ರಿಂದ 30 ಡಿಗ್ರಿ ಬೇಕು, ಅದೂ ಮಣ್ಣಿನ ಬಿಸಿ. ನಮ್ಮ ಬಚ್ಚಲ ಮನೆಯಲ್ಲಿ ಇನ್ನೂ ಸೌದೆಯ ಹಂಡೆ ಒಲೆ ಇದೆ. ಅತ್ತೆಯವರು ನೋಡಿ, “ಕೋಳಿಮರಿಗೆ ಬಿಸಿ ಕೊಡೋದಿಲ್ವಾ ಹಂಗೆ ಇಡು, ಹಂಡೆ ಪಕ್ಕ” ಅಂದರು. ಟ್ರೇಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಮುಚ್ಚಿ ಒಲೆಯ ಗೋಡೆಗೆ ಒರಗಿಸಿಟ್ಟೆ. ಆರನೇ ದಿನಕ್ಕೆ ಜ್ವಾಲಾ ತಲೆ ಎತ್ತಿತು, ಎಂಟನೇ ದಿನಕ್ಕೆ ಕುಂಡದ ಮೆಣಸು ಮತ್ತು ಬ್ಯಾಡಗಿ. ಪರಂಗಿಗೆ ಮೂರು ವಾರ ಹಿಡಿಯಿತು. ಭೂತ್ ಜೊಲೋಕಿಯಾ ಹತ್ತು ಬೀಜದಲ್ಲಿ ಮೂರು ಮಾತ್ರ ಬಂದವು, ಅದೂ ಜುಲೈ ಮಧ್ಯದಲ್ಲಿ. ಮೊಳೆತ ದಿನವೇ ಟ್ರೇಯನ್ನು ದೀಪದ ಕೆಳಗೆ ತರಬೇಕು. ಒಂದು ದಿನ ಮರೆತದ್ದಕ್ಕೆ ಬ್ಯಾಡಗಿಯ ಅರ್ಧ ಸಸಿಗಳು ಎರಡಿಂಚು ಎಳೆದುಕೊಂಡಿದ್ದವು. ಸಸಿಗೂ ದೀಪಕ್ಕೂ ಐದಾರು ಇಂಚಿಗಿಂತ ಹೆಚ್ಚು ಅಂತರ ಬೇಡ. ಗಿಡ ಬೆಳೆದ ಹಾಗೆ ಕುಂಡದ ಕೆಳಗಿಟ್ಟ ಇಟ್ಟಿಗೆ ತೆಗೆಯುತ್ತಾ ಬಂದೆ.

ಸೊರಗು ರೋಗ ಬಂದದ್ದೂ ಆಗಲೇ. ಮೊದಲ ಟ್ರೇಯಲ್ಲಿ ಒಂಬತ್ತು ಸಸಿ ಒಂದೇ ರಾತ್ರಿ ಬುಡದಲ್ಲಿ ಸಣ್ಣಗಾಗಿ ಮಲಗಿಬಿಟ್ಟವು. ಮಳೆಗಾಲದಲ್ಲಿ ನಮ್ಮ ಮನೆಯ ಗೋಡೆಯೇ ಬೆವರುತ್ತದೆ, ಮೇಲಿಂದ ನೀರು ಚಿಮುಕಿಸುವ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಅಂದಿನಿಂದ ತಟ್ಟೆಯಲ್ಲಿ ನೀರಿಟ್ಟು ಅದರಲ್ಲಿ ಕುಂಡ ಕೂರಿಸಿ, ಕೆಳಗಿನಿಂದಲೇ ಕುಡಿಸುತ್ತೇನೆ. ಅರ್ಧ ಗಂಟೆ ಬಿಟ್ಟು ಉಳಿದ ನೀರು ಚೆಲ್ಲುತ್ತೇನೆ. ಒಂದು ಸಣ್ಣ ಟೇಬಲ್ ಫ್ಯಾನ್ ಹಗಲೆಲ್ಲ ತಿರುಗುತ್ತಿರುತ್ತದೆ. ಮರ ಬಿದ್ದು ಮೂರು ದಿನ ಕರೆಂಟು ಹೋದಾಗ ಗಿಡ ಸತ್ತೇ ಹೋಯಿತೆಂದು ಹೆದರಿದ್ದೆ. ಕತ್ತಲೆಯಿಂದ ಏನೂ ಆಗಲಿಲ್ಲ. ಕತ್ತಲೆಯ ಆ ದಿನಗಳಲ್ಲಿ ನೀರು ಹಾಕಿದ ಒಂದು ಕುಂಡ ಮಾತ್ರ ಕೊಳೆಯಿತು. ಹಾಗಾಗಿ ದೀಪವಿಲ್ಲದ ದಿನ ನೀರೂ ಇಲ್ಲ.

ಈಗ ಒಂದೊಂದು ತಳಿಯ ಸಂಗತಿ.

ಜ್ವಾಲಾ ನನ್ನನ್ನು ಬೇಗ ಗೆದ್ದ ಗಿಡ. ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯಿಂದ ಬಂದ ಹಳೆಯ ತಳಿ. ಗಿಡ ಗಿಡ್ಡ, ಕವಲು ಹೆಚ್ಚು, ಕಾಯಿ ತೆಳುವಾಗಿ ಸುಕ್ಕುಸುಕ್ಕು. ಎರಡಡಿ ತಟ್ಟಿನೊಳಗೆ ತುದಿ ಚಿವುಟದೆಯೂ ಕೂತಿತು. ಸೆಪ್ಟೆಂಬರ್ ಕೊನೆಗೆ ಹೂ, ಅಕ್ಟೋಬರ್ ಮಧ್ಯಕ್ಕೆ ಮೊದಲ ಹಸಿಕಾಯಿ. ನಿತ್ಯದ ಸಾರಿಗೆ, ಪಲ್ಯಕ್ಕೆ, ಚಟ್ನಿಗೆ ಇದರ ಖಾರ ಸರಿಯಾಗಿ ಹೊಂದುತ್ತದೆ. ಆದರೆ ಹೇನು ಮೊದಲು ಹತ್ತುವುದೂ ಇದಕ್ಕೇ. ಹೊರಗಾದರೆ ಗುಲಗಂಜಿ ಹುಳುಗಳು ಬಂದು ಹೇನನ್ನು ತಿಂದು ಮುಗಿಸುತ್ತವೆ. ಮನೆಯೊಳಗೆ ಆ ಕೆಲಸ ನಮ್ಮದು. ಒಂದು ಲೀಟರ್ ನೀರಿಗೆ ಐದು ಎಂಎಲ್ ಬೇವಿನೆಣ್ಣೆ, ಎರಡು ಹನಿ ಪಾತ್ರೆ ತೊಳೆಯುವ ಸೋಪು, ವಾರಕ್ಕೊಮ್ಮೆ ಎಲೆಯ ಅಡಿಭಾಗಕ್ಕೆ. ಎಲೆ ದೋಣಿಯಂತೆ ಮುರುಟಿದರೆ ಅದು ಹೇನಲ್ಲ, ನುಸಿಯೋ ಥ್ರಿಪ್ಸೋ ಆಗಿರುತ್ತದೆ. ಅಂಥ ಗಿಡವನ್ನು ಅವತ್ತೇ ಬೇರೆ ಕೋಣೆಗೆ ಸಾಗಿಸಬೇಕು.

ಬ್ಯಾಡಗಿಯ ಬಗ್ಗೆ ನನಗೆ ಆಸೆ ಬಹಳ ಇತ್ತು. ಬಿಸಿಲಿಗೆ ಒಣಗಿದ ಕಾಯಿಯ ಬೀಜವಾದ್ದರಿಂದ ಸಲೀಸಾಗಿ ಮೊಳೆಯಿತು. ಹಸಿಮೆಣಸಿನ ಎಳೆಯ ಬೀಜ ಹಾಕಿದರೆ ಹಾಗೆ ಬರುವುದಿಲ್ಲ, ಬೀಜ ಬಲಿತಿರಬೇಕು. ಆದರೆ ಬ್ಯಾಡಗಿಯ ಬೆಲೆ ಇರುವುದು ಅದರ ಬಣ್ಣದಲ್ಲಿ, ಒಣಗಿ ಸುಕ್ಕಾದ ಮೇಲೆ ಬರುವ ಆ ಕಡುಗೆಂಪಿನಲ್ಲಿ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಹಾವೇರಿ, ಧಾರವಾಡದ ಒಣ ಹವೆಯ ಬೆಳೆ ಅದು. ನಮ್ಮ ಕೋಣೆಯಲ್ಲಿ ಆರು ಕಾಯಿ ಬಿಟ್ಟು ಹಣ್ಣಾದವು, ಒಣಗಿಸಲು ಹೋದರೆ ಒಳಗೆ ಬೂದು ಬಂತು. ಗಿಡಕ್ಕೆ ನಾನು ಕೊಟ್ಟದ್ದು ತಪ್ಪು ಊರು.

ಪರಂಗಿ ಮೆಣಸಿನ ವಿಷಯ ಸ್ವಲ್ಪ ಉದ್ದಕ್ಕೆ ಹೇಳಬೇಕು. ಇದನ್ನೇ ಬೇರೆ ಕಡೆ ಗಾಂಧಾರಿ, ಸೂಜಿ ಮೆಣಸು, ಜೀರಿಗೆ ಮೆಣಸು ಅನ್ನುತ್ತಾರೆ. ಪೋರ್ಚುಗೀಸರ ಕಾಲದಲ್ಲಿ ಕಡಲು ದಾಟಿ ಬಂದ ಜಾತಿ ಎಂಬುದನ್ನು ಹೆಸರೇ ಹೇಳುತ್ತದೆ. ನಮ್ಮ ತೋಟದಲ್ಲಿ ಇದನ್ನು ಯಾರೂ ನೆಡುವುದಿಲ್ಲ. ಹಕ್ಕಿಗಳಿಗೆ ಖಾರ ತಟ್ಟುವುದಿಲ್ಲ, ಹಣ್ಣು ನುಂಗಿ ಕಾಫಿ ಗಿಡದ ಮಧ್ಯೆ ಬೀಜ ಉದುರಿಸುತ್ತವೆ, ಗಿಡ ತಾನಾಗಿ ಏಳುತ್ತದೆ. ನಮ್ಮೂರಿನದೇ ಆದ್ದರಿಂದ ಮನೆಯೊಳಗೂ ಸುಲಭವಿರಬೇಕು ಎಂದುಕೊಂಡಿದ್ದೆ. ತದ್ವಿರುದ್ಧವಾಯಿತು. ಟ್ಯೂಬ್‌ಲೈಟಿಗೆ ತಲೆ ಬಡಿಯುವಷ್ಟು ಬೆಳೆಯಿತು, ತುದಿ ಚಿವುಟಿದರೆ ಪಕ್ಕಕ್ಕೆ ಹಬ್ಬಿ ಜ್ವಾಲಾದ ಬೆಳಕು ಕಿತ್ತುಕೊಂಡಿತು, ಜನವರಿಯವರೆಗೆ ಒಂದು ಮೊಗ್ಗೂ ಇಲ್ಲ. ಆರಿಂಚಿನ ಕುಂಡ ಅದಕ್ಕೆ ಸಾಲಲೂ ಇಲ್ಲ. ಮಾರ್ಚಿಯಲ್ಲಿ ಕಾಫಿ ಹೂ ಮಳೆ ಬಿದ್ದ ಮೇಲೆ ತೋಟದಂಚಿನ ಇಳಿಜಾರಿಗೆ ಕೊಂಡುಹೋಗಿ ನೆಟ್ಟೆ. ಈಗ ಅದು ನನ್ನ ಸೊಂಟದೆತ್ತರ ಇದೆ, ನೀರು ನಿಲ್ಲದ ಜಾಗವಾದ್ದರಿಂದ ಮಳೆಗೂ ಜಗ್ಗಲಿಲ್ಲ. ವಿನೆಗರಿನಲ್ಲಿ ಹಾಕಿದ ಅದರ ಹಣ್ಣಿನ ಬಾಟಲಿ ನಮ್ಮ ಊಟದ ಮೇಜಿನಿಂದ ಇಳಿಯುವುದೇ ಇಲ್ಲ. ಹೊರಗೆ ತಾನಾಗಿ ಬರುವ ಗಿಡಕ್ಕೆ ಒಳಗಿನ ಜಾಗ ಖರ್ಚು ಮಾಡಬೇಡಿ ಎಂದು ನಾನು ಖಂಡಿತ ಹೇಳುತ್ತೇನೆ.

ಭೂತ್ ಜೊಲೋಕಿಯಾದ ಮೂರು ಗಿಡದಲ್ಲಿ ಒಂದು ಬೇರೆಯೇ ಜಾತಿ ಎಂದು ಹೂ ಬಂದಾಗ ಗೊತ್ತಾಯಿತು. ಆನ್‌ಲೈನಿನಲ್ಲಿ ತರಿಸಿದ ಬೀಜ, ಪೊಟ್ಟಣದ ಮೇಲಿನ ಚಿತ್ರ ನಂಬಿದ್ದೆ. ಗುರುತು ಹಿಡಿಯುವ ಬಗೆ ಹೀಗೆ: ಜ್ವಾಲಾ, ಬ್ಯಾಡಗಿಯಂಥ ಸಾಮಾನ್ಯ ಜಾತಿಗೆ ಗಿಣ್ಣಿಗೊಂದೇ ಹೂ, ಅಚ್ಚ ಬಿಳಿ. ಭೂತ್ ಜೊಲೋಕಿಯಾ, ಹಬನೇರೊ ಸೇರಿದ ಜಾತಿಗೆ ಒಂದೇ ಗಿಣ್ಣಿನಲ್ಲಿ ಎರಡು ಮೂರು ಹೂ, ಸ್ವಲ್ಪ ಹಸಿರು ಬೆರೆತ ಬಿಳಿ, ತಲೆ ತಗ್ಗಿಸಿಕೊಂಡಿರುತ್ತವೆ. ಪರಂಗಿಯ ಕಾಯಿ ಆಕಾಶ ನೋಡುತ್ತದೆ. ನಿಜವಾದ ಎರಡು ಗಿಡ ಡಿಸೆಂಬರಿನಲ್ಲಿ ತುಂಬ ಹೂ ಬಿಟ್ಟವು. ಪ್ರತಿದಿನ ಬೆಳಿಗ್ಗೆ ಎದ್ದು ನೋಡಿದರೆ ತಟ್ಟೆಯಲ್ಲಿ ಉದುರಿದ ಹೂವೇ. ರಾತ್ರಿ ಕೋಣೆ 14 ಡಿಗ್ರಿಗೆ ಇಳಿಯುತ್ತಿತ್ತು, ಅಷ್ಟು ತಂಪಿಗೆ ಕಾಯಿ ಕಚ್ಚುವುದಿಲ್ಲ. ನಾನು ಗೊಬ್ಬರ ಕಡಿಮೆಯಾಯಿತೆಂದು ತಿಳಿದು ಇನ್ನಷ್ಟು ಹಾಕಿ ಎಲೆ ಕಡುಹಸಿರು ಮಾಡಿಕೊಂಡೆ, ಅಷ್ಟೇ. ಮಾರ್ಚಿಯಲ್ಲಿ ಸೆಕೆ ಬಂದ ಮೇಲೆ ಏಳು ಕಾಯಿ ನಿಂತು ಮೇ ತಿಂಗಳಲ್ಲಿ ಕೆಂಪಾದವು. ಬೀಜ ಹಾಕಿ ಹನ್ನೊಂದು ತಿಂಗಳು! ಒಂದೇ ಒಂದು ಹಣ್ಣಿನ ಕಾಲು ಭಾಗವನ್ನು ಹಂದಿ ಮಾಂಸದ ಸಾರಿಗೆ ಹಾಕಿದ್ದಕ್ಕೆ ನೆಂಟರು ಮೊಸರು ಕೇಳಿದರು. ಖಾರ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಕೈಗವಸಿಲ್ಲದೆ ಅದನ್ನು ಮುಟ್ಟಬೇಡಿ.

ಉಳಿದದ್ದು ಅಕ್ಕ ಕೊಟ್ಟ ಕುಂಡದ ಮೆಣಸು. ಒಂದಡಿ ಎತ್ತರ, ಐದಿಂಚಿನ ಕುಂಡ, ಗೊಂಚಲು ಗೊಂಚಲು ಕಾಯಿ. ನೇರಳೆಯಿಂದ ಹಳದಿ, ಹಳದಿಯಿಂದ ಕೆಂಪು. ಅಲಂಕಾರದ ಗಿಡದ ಕಾಯಿ ತಿನ್ನಬಾರದು ಎಂಬ ಮಾತಿದೆ. ಅದೂ ಮೆಣಸೇ, ತಿನ್ನಬಹುದು. ಆದರೆ ನರ್ಸರಿಯಿಂದ ಕಾಯಿ ಸಮೇತ ತಂದ ಗಿಡಕ್ಕೆ ಔಷಧಿ ಹೊಡೆದಿರುತ್ತಾರೆ, ಆ ಕಾಯಿ ಬಿಟ್ಟು ಆಮೇಲೆ ಬಂದದ್ದನ್ನು ಬಳಸಿ. ಇದರ ಖಾರ ಚುರುಕಾಗಿದೆ, ಪರಿಮಳ ಕಡಿಮೆ. ಒಗ್ಗರಣೆಗೆ ಚೆನ್ನ, ಚಟ್ನಿಗೆ ಅಷ್ಟಕ್ಕಷ್ಟೆ. ಕೋಣೆಗೆ ಹೇಳಿ ಮಾಡಿಸಿದ ಗಿಡ ಯಾವುದೆಂದರೆ ಇದೇ.

ಒಳಗೆ ಹೊರಗಿನಷ್ಟು ಗಾಳಿಯೂ ಇಲ್ಲ, ಜೇನೂ ಇಲ್ಲ. ಮೆಣಸಿನ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುವುದರಿಂದ ದಿನಾ ಮಧ್ಯಾಹ್ನ ಕೊಂಬೆಯನ್ನು ಬೆರಳಲ್ಲಿ ಎರಡು ಸಲ ತಟ್ಟಿದರೆ ಸಾಕು. ಹೂ ಬರುವವರೆಗೆ ಹದಿನೈದು ದಿನಕ್ಕೊಮ್ಮೆ ಲೀಟರಿಗೆ ಒಂದು ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ ಗೊಬ್ಬರ) ಕೊಟ್ಟೆ. ಕಡಲೆ ಹಿಂಡಿ ನೆನೆಸಿದ ನೀರನ್ನು ಮಾತ್ರ ಮನೆಯೊಳಗೆ ತರಬೇಡಿ, ವಾಸನೆ ಮೂರು ದಿನ ಹೋಗುವುದಿಲ್ಲ.

ಆ ವರ್ಷ ನನಗೆ ಹಸಿಕಾಯಿ ಸಿಕ್ಕಿದ್ದು ಅಕ್ಟೋಬರಿನಲ್ಲಿ, ಅಂದರೆ ಮಳೆ ಮುಗಿದ ಮೇಲೆ. ಕಣಿಲೆಯ ಕಾಲವೇ ದಾಟಿತ್ತು. ಹಾಗಾಗಿ ಎರಡನೇ ವರ್ಷ ಬೀಜ ಹಾಕಿದ್ದು ಫೆಬ್ರವರಿಯ ಎರಡನೇ ವಾರ. ಹಗಲಿನ ಬಿಸಿಲಿಗೆ ಹಂಡೆಯ ನೆರವೂ ಹೆಚ್ಚು ಬೇಕಾಗಲಿಲ್ಲ. ತಳಿ ಮೂರೇ: ಜ್ವಾಲಾ ನಾಲ್ಕು ಗಿಡ, ಕುಂಡದ ಮೆಣಸು ಎರಡು, ಹೊಸದಾಗಿ ಅರ್ಕಾ ಲೋಹಿತ್ ಎರಡು. ಅರ್ಕಾ ಹೆಸರಿನ ತಳಿಗಳು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವು, ಆ ಸಂಸ್ಥೆಯ ಒಂದು ಕೇಂದ್ರ ನಮ್ಮ ಚೆಟ್ಟಳ್ಳಿಯಲ್ಲೇ ಇದೆ. ಲೋಹಿತ್ ಹೈಬ್ರಿಡ್ ಅಲ್ಲ, ಅದರ ಬೀಜ ಇಟ್ಟುಕೊಂಡು ಮತ್ತೆ ಬಿತ್ತಬಹುದು. ಅದೇ ಸಂಸ್ಥೆಯ ಅರ್ಕಾ ಮೇಘನಾ, ಅರ್ಕಾ ಹರಿತಾ ಹೈಬ್ರಿಡ್‌ಗಳು, ಪ್ರತಿ ಸಲವೂ ಹೊಸ ಬೀಜವೇ ತರಬೇಕು. ಬೀಜಕ್ಕೆಂದು ಇಡುವ ಗಿಡವನ್ನು ಹೂ ಬರುವ ಹೊತ್ತಿಗೆ ಬೇರೆ ಕೋಣೆಗೆ ಹಾಕುತ್ತೇನೆ. ಒಂದೇ ಫ್ಯಾನಿನ ಗಾಳಿಗೆ ಎಲ್ಲವೂ ಹೂ ಬಿಟ್ಟರೆ ಬೆರಕೆಯಾಗುವ ಸಂಭವ ಇದೆ.

ಜೂನ್ ಮೂರನೇ ವಾರ, ಹೊರಗೆ ಧೋ ಎಂದು ಸುರಿಯುತ್ತಿದ್ದಾಗ, ಜ್ವಾಲಾದಿಂದ ಮೊದಲ ಹಿಡಿ ಕಾಯಿ ಕಿತ್ತೆ. ಕಣಿಲೆ ಮೂರು ದಿನದಿಂದ ನೀರಿನಲ್ಲಿ ನೆನೆದು ಸಿದ್ಧವಾಗಿತ್ತು. ಅತ್ತೆಯವರು ಒಂದು ಕಾಯಿ ಮುರಿದು ಮೂಸಿ ನೋಡಿ, “ಇನ್ನೂ ನಾಲ್ಕು ಕಿತ್ಕೊಂಡು ಬಾ” ಅಂದರು.